ಮಕ್ಕಳ ಮೊಬೈಲನ್ನು ತರಗತಿಯಲ್ಲಿ ಉಪಕರಣವಾಗಿ ಬಳಸುವುದು ಹೇಗೆ

ಸಾಧಾರಣ ಸ್ಮಾರ್ಟ್‌ಫೋನಿನೊಳಗೂ ಕ್ಯಾಮೆರಾ, ಮೈಕು, ವೇಗೋತ್ಕರ್ಷ ಅಳೆಯುವ ಸೆನ್ಸರ್, ಸೆಕೆಂಡಿನ ಸಾವಿರದ ಒಂದು ಪಾಲನ್ನು ಲೆಕ್ಕ ಹಿಡಿಯುವ ಗಡಿಯಾರ ಇರುತ್ತವೆ. ಫೋನ್ ತರಿಸಿದ ತರಗತಿಯಲ್ಲಿ ಸಾಮಾನ್ಯವಾಗಿ ಇವು ಯಾವುವೂ ಕೆಲಸಕ್ಕೆ ಬರುವುದಿಲ್ಲ. "ಗೂಗಲ್‌ನಲ್ಲಿ ಹುಡುಕಿ ಬರೆಯಿರಿ" ಎಂದುಬಿಟ್ಟರೆ ಮುಗಿಯಿತು: ಮೊದಲು ಸಿಕ್ಕ ಸಾಲನ್ನೇ ನಲವತ್ತು ಜನ ಇಳಿಸಿಕೊಳ್ಳುತ್ತಾರೆ, ಐದನೇ ನಿಮಿಷಕ್ಕೆ ಹಿಂದಿನ ಬೆಂಚಿನಲ್ಲಿ ರೀಲ್ಸ್ ಓಡುತ್ತಿರುತ್ತದೆ. ಹುಡುಕುವುದಕ್ಕೆ ಫೋನ್ ಕೊಡುವುದನ್ನು ಆದಷ್ಟು ಕಡಿಮೆ ಮಾಡಿ. ಅಳೆಯುವುದಕ್ಕೆ, ಚಿತ್ರ ತೆಗೆಯುವುದಕ್ಕೆ, ಧ್ವನಿ ಮುದ್ರಿಸುವುದಕ್ಕೆ ಕೊಡಿ. ಅಳತೆ ಒಂದೊಂದು ಗುಂಪಿಗೆ ಒಂದೊಂದು ಬರುವುದರಿಂದ ನಕಲಿಗೆ ಜಾಗವೇ ಇರುವುದಿಲ್ಲ. ಕೈಗಳು ಕೆಲಸದಲ್ಲಿವೆಯೋ ಇಲ್ಲವೋ ಬಾಗಿಲಲ್ಲಿ ನಿಂತರೂ ಕಾಣುತ್ತದೆ.

ಫೋನ್ ತರಿಸುವ ಮುಂಚೆ

ಮೊದಲು ನಿಯಮ ನೋಡಿಕೊಳ್ಳಿ. ಯುನೆಸ್ಕೋದ 2023ರ ಜಾಗತಿಕ ಶಿಕ್ಷಣ ವರದಿಯ ಪ್ರಕಾರ ಆಗಲೇ ಹೆಚ್ಚುಕಡಿಮೆ ನಾಲ್ಕರಲ್ಲೊಂದು ದೇಶ ಶಾಲೆಯಲ್ಲಿ ಸ್ಮಾರ್ಟ್‌ಫೋನನ್ನು ಕಾನೂನಿನ ಅಥವಾ ನೀತಿಯ ಮೂಲಕ ನಿಷೇಧಿಸಿತ್ತು. ಬಹಳ ಕಡೆ ಪಾಠದ ಕೆಲಸಕ್ಕೆ ವಿನಾಯಿತಿ ಇರುತ್ತದೆ, ಆದರೆ ಅದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಮುಖ್ಯ ಶಿಕ್ಷಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮನೆಗೆ ಕಳಿಸುವ ಚೀಟಿಯಲ್ಲಿ ಯಾವ ದಿನ, ಯಾವ ಪಿರಿಯಡ್, ಎಷ್ಟು ನಿಮಿಷ, ಯಾವ ಕೆಲಸಕ್ಕೆ, ಮಿಕ್ಕ ಹೊತ್ತು ಫೋನ್ ಎಲ್ಲಿರುತ್ತದೆ, ಒಡೆದರೆ ಅಥವಾ ಕಳೆದರೆ ಹೊಣೆ ಯಾರದು ಎನ್ನುವುದೆಲ್ಲ ಇರಲಿ. ಜತೆಗೆ "ಫೋನ್ ಇಲ್ಲದಿದ್ದರೂ ಪಾಠಕ್ಕೆ ತೊಂದರೆಯಿಲ್ಲ" ಎಂಬ ಸಾಲು ತಪ್ಪದೆ ಇರಲಿ. ಅದಿಲ್ಲದಿದ್ದರೆ ಫೋನ್ ಕೊಡಿಸಲೇಬೇಕೇನೋ ಎಂದು ಕೆಲವು ಮನೆಯವರು ಒದ್ದಾಡುತ್ತಾರೆ.

ಯಾರ ಬಳಿ ಫೋನ್ ಇದೆ ಎಂದು ತರಗತಿಯಲ್ಲಿ ಕೈ ಎತ್ತಿಸಬಾರದು. ಹೆಸರಿಲ್ಲದ ಚೀಟಿಯಲ್ಲಿ ಮೂರೇ ಪ್ರಶ್ನೆ ಕೇಳಿ: ತರಬಹುದಾದ ಸ್ಮಾರ್ಟ್‌ಫೋನ್ ಇದೆಯೇ? ಆಂಡ್ರಾಯ್ಡೋ ಐಫೋನೋ? ಅದರಲ್ಲಿ ಖಾಲಿ ಜಾಗ ಎಷ್ಟಿದೆ? ಮೂರನೆಯದನ್ನು ಕೇಳುವುದೇ ಮರೆತುಹೋಗುತ್ತದೆ. ಮನೆಮಂದಿಯೆಲ್ಲ ಬಳಸುವ ಫೋನುಗಳ ಮೆಮೊರಿ ಸಾಮಾನ್ಯವಾಗಿ ತುಂಬಿ ತುಳುಕುತ್ತಿರುತ್ತದೆ. ಆ್ಯಪ್ ಇಳಿಯುವುದಿಲ್ಲ, ಕ್ಯಾಮೆರಾ ಅರ್ಧಕ್ಕೇ ನಿಲ್ಲುತ್ತದೆ. 1080ಪಿ ವಿಡಿಯೊ ಒಂದು ನಿಮಿಷಕ್ಕೆ ಸುಮಾರು 130 ಎಂಬಿ ನುಂಗುತ್ತದೆ, 720ಪಿ ಆದರೆ ಸುಮಾರು 60. ವಿಡಿಯೊ ಕೆಲಸವಿದ್ದರೆ 720ಕ್ಕೆ ಇಳಿಸಿಕೊಳ್ಳಲು ಮೊದಲೇ ಹೇಳಿ.

ಮೂವರಿಗೆ ಒಂದು ಫೋನ್ ಸಾಕು, ನಿಜ ಹೇಳಬೇಕೆಂದರೆ ಅದೇ ಒಳ್ಳೆಯದು. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಮಾತುಕತೆ ಸಾಯುತ್ತದೆ, ಐವರಿಗೆ ಒಂದಾದರೆ ಇಬ್ಬರಿಗೆ ಪರದೆಯೇ ಕಾಣುವುದಿಲ್ಲ. ಒಬ್ಬರು ಫೋನ್ ನೋಡಿಕೊಳ್ಳುತ್ತಾರೆ, ಒಬ್ಬರು ಟೇಪು, ದಾರ ಹಿಡಿಯುತ್ತಾರೆ, ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಸುತ್ತು ಮುಗಿದಂತೆ ಕೆಲಸ ಬದಲಾಗಲಿ.

ಬೇರೆಯವರ ಕೈಗೆ ಫೋನ್ ಹೋಗುವುದೆಂದರೆ ಗ್ಯಾಲರಿ, ಮೆಸೇಜುಗಳೂ ಹೋದಂತೆ. ಅದಕ್ಕೆ ಮದ್ದು ಫೋನಿನಲ್ಲೇ ಇದೆ. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಆ್ಯಪ್ ಪಿನ್ನಿಂಗ್ ಅಥವಾ ಸ್ಕ್ರೀನ್ ಪಿನ್ನಿಂಗ್ ಎಂದಿರುತ್ತದೆ. ಅದನ್ನು ಆನ್ ಮಾಡಿ, ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ, ಆ ಆ್ಯಪಿನ ಐಕಾನ್ ಒತ್ತಿ ಪಿನ್ ಆರಿಸಬೇಕು. ಐಫೋನಿನಲ್ಲಿ ಆಕ್ಸೆಸಿಬಿಲಿಟಿಯೊಳಗೆ ಗೈಡೆಡ್ ಆಕ್ಸೆಸ್ ಇದೆ. ಅದನ್ನು ಆನ್ ಮಾಡಿಟ್ಟು, ಆ್ಯಪ್ ತೆರೆದು, ಬದಿಯ ಬಟನ್ ಮೂರು ಸಲ ಒತ್ತಿದರೆ ಫೋನ್ ಆ ಆ್ಯಪಿಗೇ ಕಟ್ಟುಬೀಳುತ್ತದೆ. ಹೊರಬರಲು ಪಾಸ್‌ಕೋಡ್ ಬೇಕು, ಅದು ಯಜಮಾನನಿಗಷ್ಟೇ ಗೊತ್ತಿರಲಿ. ಆಂಡ್ರಾಯ್ಡಿನಲ್ಲಿ ಪಿನ್ ತೆಗೆಯುವಾಗ ಲಾಕ್ ಕೇಳುವ ಆಯ್ಕೆಯನ್ನು ಬೇರೆಯಾಗಿ ಆನ್ ಮಾಡಬೇಕು, ಇಲ್ಲದಿದ್ದರೆ ಪಿನ್ ಹಾಕಿಯೂ ಪ್ರಯೋಜನವಿಲ್ಲ.

ನೆಟ್ ಇರುತ್ತದೆ ಎಂದು ನಂಬಿಕೊಂಡು ಹೋಗಬೇಡಿ

ಪಾಠ ಕೆಡುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಸಾಮಾನ್ಯವಾಗಿ ಹತ್ತರ ಆಸುಪಾಸಿನಲ್ಲಿ ಸುಸ್ತಾಗುತ್ತದೆ. ಹನ್ನೊಂದನೆಯವರು "ಕನೆಕ್ಟ್ ಆಗ್ತಿಲ್ಲ ಸರ್" ಎನ್ನುತ್ತಾರೆ. ಮನೆ ಬಳಕೆಯ ರೌಟರ್ ಕೂಡ ಒಂದೇ ಸಲ ನಲವತ್ತು ಫೋನ್ ಬಂದರೆ ತಡವರಿಸುತ್ತದೆ. ಎರಡು ಮೂರು ರೌಟರ್ ಇಟ್ಟರೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಮತ್ತೊಂದಕ್ಕೆ 6, ಇನ್ನೊಂದಕ್ಕೆ 11 ಕೊಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

ಇದಕ್ಕಿಂತ ಸುಲಭದ ದಾರಿ, ನೆಟ್ ಬೇಡದ ಕೆಲಸ ಆರಿಸಿಕೊಳ್ಳುವುದು. ಆ್ಯಪನ್ನು ಹಿಂದಿನ ದಿನ ಮನೆಯಲ್ಲೇ ಇಳಿಸಿಕೊಂಡು, ಒಮ್ಮೆ ತೆರೆದು, ಮೈಕ್ ಮತ್ತು ಕ್ಯಾಮೆರಾಕ್ಕೆ ಅನುಮತಿ ಕೊಟ್ಟುಬರಲು ಹೇಳಿ. ತರಗತಿಯಲ್ಲಿ ಎಲ್ಲರೂ ಏರೋಪ್ಲೇನ್ ಮೋಡ್ ಹಾಕಲಿ. ಕರೆ, ಮೆಸೇಜು ನಿಂತುಹೋಗುತ್ತವೆ. ಸ್ಥಳೀಯ ವೈಫೈ ಬೇಕಾದರೆ ಏರೋಪ್ಲೇನ್ ಮೋಡ್ ಹಾಗೇ ಇಟ್ಟು ವೈಫೈಯೊಂದನ್ನು ಮತ್ತೆ ಆನ್ ಮಾಡಬಹುದು. ಇದು ಬಹಳ ಮಂದಿಗೆ ಗೊತ್ತಿಲ್ಲ. ಕೋಲಿಬ್ರಿ ಎಂಬ ಉಚಿತ ತಂತ್ರಾಂಶವನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿ, ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ, ಇಂಟರ್‌ನೆಟ್ಟೇ ಇಲ್ಲದ ರೌಟರಿನ ಮೂಲಕ ಮಕ್ಕಳ ಫೋನಿನ ಬ್ರೌಸರಿನಲ್ಲಿ ಅವು ತೆರೆಯುತ್ತವೆ. ವಿಕಿಪೀಡಿಯವನ್ನು ಇದೇ ರೀತಿ ಕೊಡಲು ಕಿವಿಕ್ಸ್ ಇದೆ.

ಲಿಂಕ್ ಕೊಡಲೇಬೇಕಾದರೆ ಕ್ಯೂಆರ್ ಕೋಡ್ ಸರಿ. ಅಳತೆಯ ಲೆಕ್ಕ ಹೀಗೆ: ಎಷ್ಟು ದೂರದಿಂದ ಓದಬೇಕೋ ಅದರ ಹತ್ತನೇ ಒಂದು ಪಾಲು ಅಗಲ ಇರಬೇಕು. ಕೊನೆಯ ಬೆಂಚು 6 ಮೀಟರ್ ದೂರವಿದ್ದರೆ ಬೋರ್ಡಿನ ಮೇಲೆ 60 ಸೆಂಟಿಮೀಟರ್ ಅಗಲದ ಕೋಡ್ ಬೇಕಾಗುತ್ತದೆ. ಅದರ ಬದಲು 4 ಸೆಂಟಿಮೀಟರಿನ ಕೋಡನ್ನು ಕಾಗದದಲ್ಲಿ ಮುದ್ರಿಸಿ ಬೆಂಚಿಗೊಂದು ಕೊಟ್ಟುಬಿಡಿ. ಉದ್ದದ ಲಿಂಕಿಗೆ ಚೌಕಗಳು ಸಣ್ಣದಾಗಿ ಕಿಕ್ಕಿರಿಯುತ್ತವೆ, ಅಗ್ಗದ ಕ್ಯಾಮೆರಾ ಸೋಲುತ್ತದೆ. ಮೊದಲು ಲಿಂಕನ್ನು ಚಿಕ್ಕದು ಮಾಡಿಕೊಳ್ಳಿ. ಕೋಡಿನ ಸುತ್ತ ನಾಲ್ಕು ಚೌಕದಷ್ಟು ಬಿಳಿ ಅಂಚು ಬಿಡಬೇಕು. ಚಂದಕ್ಕೆಂದು ಅಂಚು ಕತ್ತರಿಸಿದ ಕೋಡ್ ಓದದಿದ್ದರೆ ತಪ್ಪು ಫೋನಿನದಲ್ಲ.

ಮೂರು ಜಾಗ

ಫೋನಿಗೆ ತರಗತಿಯಲ್ಲಿ ಮೂರೇ ಜಾಗ: ಚೀಲದಲ್ಲಿ, ಬೆಂಚಿನ ಮೇಲೆ ಮಗುಚಿ, ಕೈಯಲ್ಲಿ. ಈಗ ಯಾವುದು ಎನ್ನುವುದು ಬೋರ್ಡಿನ ಮೂಲೆಯಲ್ಲಿ ಸದಾ ಬರೆದಿರಲಿ. ಸೂಚನೆಗಳನ್ನೆಲ್ಲ ಫೋನ್ ಚೀಲದಲ್ಲಿರುವಾಗಲೇ ಹೇಳಿ ಮುಗಿಸಿ, ಒಬ್ಬರ ಬಾಯಿಂದ ಮತ್ತೊಮ್ಮೆ ಹೇಳಿಸಿ, ಆಮೇಲೆ ಹೊರತೆಗೆಸಿ. ಕೈಗೆ ಬಂದ ಮೇಲೆ ಹೇಳಿದ ಮಾತು ಗಾಳಿಗೆ ಹೋಗುತ್ತದೆ.

ಕೈಯಲ್ಲಿರುವ ಹೊತ್ತು ಒಂದು ಸಲಕ್ಕೆ 8ರಿಂದ 12 ನಿಮಿಷ ಇರಲಿ. ಕೆಲಸ ಅದಕ್ಕಿಂತ ದೊಡ್ಡದಾದರೆ ಎರಡು ತುಂಡು ಮಾಡಿ, ನಡುವೆ ಮಗುಚಿಸಿ, ಅಲ್ಲಿಯವರೆಗಿನ ಅಂಕಿಗಳನ್ನು ಬರೆಸಿ. ಪ್ರತಿ ತುಂಡೂ ಕಾಗದದ ಮೇಲೆ ಮುಗಿಯಬೇಕು. ಫೋನಿನೊಳಗೇ ಉಳಿದ ಫಲಿತಾಂಶ ಮರುದಿನ ಆ ಫೋನ್ ಬರದಿದ್ದರೆ ಹೋಯಿತು.

ಒಂದು ಕೆಲಸ ಪೂರ್ತಿಯಾಗಿ: ಎರಡು ಫೋನಿನಲ್ಲಿ ಶಬ್ದದ ವೇಗ

ಫೈಫಾಕ್ಸ್ ಎಂಬ ಆ್ಯಪ್ ಉಚಿತ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ತಯಾರಾಗಿ 2016ರಲ್ಲಿ ಬಂತು, ಫೋನಿನ ಸೆನ್ಸರುಗಳನ್ನೆಲ್ಲ ನೇರವಾಗಿ ಓದುತ್ತದೆ. ಅದರಲ್ಲಿ ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲುವ ಸ್ಟಾಪ್‌ವಾಚ್ ಇದೆ. ಬೇಕಾದದ್ದು ಎರಡು ಫೋನ್, 5 ಮೀಟರಿನ ಟೇಪು, ಇಬ್ಬರು ಚಪ್ಪಾಳೆ ಹೊಡೆಯುವವರು.

ಫೋನುಗಳನ್ನು ನೆಲದ ಮೇಲೋ ಸ್ಟೂಲಿನ ಮೇಲೋ 5 ಮೀಟರ್ ಅಂತರದಲ್ಲಿ ಇಡಿ. ಮೈಕ್ ಸಾಮಾನ್ಯವಾಗಿ ಫೋನಿನ ಕೆಳತುದಿಯಲ್ಲಿರುತ್ತದೆ. ಅಳತೆ ಮೈಕಿನಿಂದ ಮೈಕಿಗೆ. ಎರಡರಲ್ಲೂ ಸ್ಟಾಪ್‌ವಾಚ್ ತೆರೆದು ಪ್ಲೇ ಒತ್ತಿ, ಎಲ್ಲರೂ ಸುಮ್ಮನಾಗಿ. ಮೊದಲನೆಯವರು ತಮ್ಮ ಫೋನಿನ ಪಕ್ಕದಲ್ಲಿ ಒಂದು ಗಟ್ಟಿ ಚಪ್ಪಾಳೆ ಹೊಡೆಯಲಿ. ಅವರ ಫೋನ್ ತಕ್ಷಣ ಶುರುವಾಗುತ್ತದೆ, ಎರಡನೆಯದು ಶಬ್ದ ಅಲ್ಲಿಗೆ ತಲುಪಿದ ಮೇಲೆ. ಒಂದೆರಡು ಸೆಕೆಂಡ್ ಬಿಟ್ಟು ಎರಡನೆಯವರು ತಮ್ಮ ಫೋನಿನ ಪಕ್ಕದಲ್ಲಿ ಹೊಡೆಯಲಿ. ಈಗ ಎರಡನೆಯ ಫೋನ್ ಮೊದಲು ನಿಲ್ಲುತ್ತದೆ, ಮೊದಲನೆಯದು ತಡವಾಗಿ. ಹೀಗೆ ಎರಡು ಓದಿನ ವ್ಯತ್ಯಾಸದೊಳಗೆ ಶಬ್ದ ಹೋದ ಹೊತ್ತೂ ಬಂದ ಹೊತ್ತೂ ಸೇರಿರುತ್ತದೆ. ದೂರದ ಎರಡರಷ್ಟನ್ನು ಆ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಸಿಕ್ಕಿತು.

ಮೊದಲನೆಯ ಫೋನ್ 2.346 ಸೆಕೆಂಡ್, ಎರಡನೆಯದು 2.317 ತೋರಿಸಿತು ಎನ್ನೋಣ. ವ್ಯತ್ಯಾಸ 0.029. 10 ಮೀಟರನ್ನು 0.029ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 345 ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ 343, 30 ಡಿಗ್ರಿಯಲ್ಲಿ ಸುಮಾರು 349. ಇಲ್ಲಿ ಒಂದು ಕ್ಷಣ ನಿಲ್ಲಿ, ಏಕೆಂದರೆ ಪಾಠದ ತಿರುಳು ಮುಂದಿದೆ. ವ್ಯತ್ಯಾಸ 0.030 ಬಂದಿದ್ದರೆ ಉತ್ತರ 333, 0.028 ಬಂದಿದ್ದರೆ 357. ಸೆಕೆಂಡಿನ ಸಾವಿರದ ಒಂದು ಪಾಲು ಉತ್ತರವನ್ನು ಹನ್ನೆರಡು ಮೀಟರಿನಷ್ಟು ಎಳೆದಾಡುತ್ತದೆ. ದೂರವನ್ನು 2 ಮೀಟರಿಗೆ ಇಳಿಸಿದರೆ ವ್ಯತ್ಯಾಸ ಬರೀ 0.012ರಷ್ಟಾಗಿ ಅದೇ ತಪ್ಪು ಇನ್ನೂ ದೊಡ್ಡದಾಗುತ್ತದೆ. ಐದು ಸಲ ಮಾಡಿ ಸರಾಸರಿ ತೆಗೆಯುವುದು ಯಾಕೆ ಎಂದು ಈ ಲೆಕ್ಕವನ್ನು ಕೈಯಾರೆ ಮಾಡಿದ ಮಗುವಿಗೆ ಬೇರೆ ಹೇಳಬೇಕಾಗಿಲ್ಲ.

ಕೆಡುವುದು ಎಲ್ಲೆಲ್ಲಿ? ಉತ್ತರ 390ರ ಹತ್ತಿರ ಬಂತೆಂದರೆ ಚಪ್ಪಾಳೆ ಹೊಡೆದವರು ಎಲ್ಲಿ ನಿಂತಿದ್ದರು ನೋಡಿ. ಎರಡು ಫೋನುಗಳ ನಡುವೆ, ತಮ್ಮ ಫೋನಿನಿಂದ 30 ಸೆಂಟಿಮೀಟರ್ ಒಳಬದಿಗೆ ನಿಂತು ಹೊಡೆದರೆ ಆ ಸುತ್ತಿನಲ್ಲಿ ದೂರ 60 ಸೆಂಟಿಮೀಟರ್ ಕಡಿಮೆಯಾದಂತೆ. ಇಬ್ಬರೂ ಹಾಗೆ ಮಾಡಿದರೆ 10 ಮೀಟರ್ ಅಂದುಕೊಂಡದ್ದು ನಿಜಕ್ಕೂ 8.8. ಅದೇ 30 ಸೆಂಟಿಮೀಟರ್ ಫೋನಿನ ಹಿಂದೆ, ಹೊರಗಡೆ, ನೇರ ಸಾಲಿನಲ್ಲಿ ನಿಂತರೆ ಏನೂ ತೊಂದರೆಯಿಲ್ಲ, ಎರಡು ಫೋನಿಗೂ ಅಷ್ಟೇ ತಡವಾಗುತ್ತದೆ. ಯಾಕೆ ಹೀಗೆ ಎಂಬುದನ್ನು ಪ್ರಶ್ನೆಯಾಗಿ ಕೇಳಿ; ಚಿತ್ರ ಬರೆದು ಬಿಡಿಸುವವರು ಇದ್ದೇ ಇರುತ್ತಾರೆ.

ದೂರದ ಫೋನ್ ಶುರುವೇ ಆಗದಿದ್ದರೆ ಆ್ಯಪಿನಲ್ಲಿ ಸದ್ದಿನ ಮಿತಿ ಹೆಚ್ಚಾಗಿದೆ ಎಂದರ್ಥ, ಇಳಿಸಿ. ಯಾರೂ ಹೊಡೆಯದೆ ತಾನೇ ಓಡಿದರೆ ಮಿತಿ ಕಡಿಮೆಯಾಗಿದೆ, ಏರಿಸಿ. ಶುರುವಾದ ಕೂಡಲೇ ನಿಂತುಬಿಟ್ಟರೆ ಅದು ಗೋಡೆಯ ಪ್ರತಿಧ್ವನಿ. ಕನಿಷ್ಠ ಅಂತರದ ಸಮಯವನ್ನು ಅರ್ಧ ಸೆಕೆಂಡಿಗೆ ಏರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಪ್ರಯೋಗವನ್ನು ಇಡೀ ತರಗತಿ ಒಟ್ಟಿಗೆ ಮಾಡಲಾಗದು. ಪಕ್ಕದ ಗುಂಪಿನ ಚಪ್ಪಾಳೆಗೂ ನಿಮ್ಮ ಫೋನ್ ಓಡುತ್ತದೆ. ಸರದಿಯಂತೆ ಒಂದೊಂದು ಗುಂಪನ್ನು ವರಾಂಡಕ್ಕೆ ಕಳಿಸಿ, ಮಿಕ್ಕವರಿಗೆ ಲೋಲಕ ಕೊಡಿ.

ಲೋಲಕಕ್ಕೆ ಫೋನನ್ನು ಜಿಪ್ ಇರುವ ಗಟ್ಟಿ ಚೀಲದಲ್ಲಿ ಹಾಕಿ, ತಿರುಚದಂತೆ ಎರಡು ದಾರದಲ್ಲಿ ತೂಗುಬಿಡಿ, ಕೆಳಗೆ ಮಡಿಸಿದ ಬಟ್ಟೆ ಹಾಸಿ. ಉದ್ದವನ್ನು ತೂಗುಬಿಟ್ಟ ಜಾಗದಿಂದ ಫೋನಿನ ನಡುಮಧ್ಯಕ್ಕೆ ಅಳೆಯಬೇಕು. 1 ಮೀಟರಿಗೆ ಒಂದು ಪೂರ್ತಿ ತೂಗು ಸುಮಾರು 2 ಸೆಕೆಂಡ್, 25 ಸೆಂಟಿಮೀಟರಿಗೆ ಸುಮಾರು 1 ಸೆಕೆಂಡ್. ಉದ್ದ ಕಾಲುಭಾಗವಾದರೂ ಹೊತ್ತು ಅರ್ಧ ಮಾತ್ರ ಇಳಿಯುವುದು ಮಕ್ಕಳನ್ನು ಒಂದಿಷ್ಟು ಕಾಡಲಿ. ಎಳೆಯುವ ಕೋನ 10 ಡಿಗ್ರಿಯೊಳಗಿರಲಿ. ಫೈಫಾಕ್ಸಿನ ಲೋಲಕ ಪ್ರಯೋಗಕ್ಕೆ ಜೈರೋಸ್ಕೋಪ್, ಅಂದರೆ ತಿರುಗುವ ವೇಗ ಅಳೆಯುವ ಸೆನ್ಸರ್ ಬೇಕು, ಕೆಲವು ಅಗ್ಗದ ಫೋನುಗಳಲ್ಲಿ ಅದಿರುವುದಿಲ್ಲ. ಅವರು ಕಲ್ಲು ಕಟ್ಟಿ, ಹತ್ತು ತೂಗಿಗೆ ಫೋನಿನ ಗಡಿಯಾರದಲ್ಲಿ ಹೊತ್ತು ಹಿಡಿದು ಹತ್ತರಿಂದ ಭಾಗಿಸಲಿ.

ಬೇರೆ ಸೆನ್ಸರುಗಳ ಬಗ್ಗೆ ಚುಟುಕಾಗಿ: ಬೆಳಕಿನ ಸೆನ್ಸರ್ ಆಂಡ್ರಾಯ್ಡಿನಲ್ಲಷ್ಟೇ ಓದಲು ಸಿಗುತ್ತದೆ, ಐಫೋನ್ ಆ್ಯಪ್‌ಗಳಿಗೆ ಬಿಟ್ಟುಕೊಡುವುದಿಲ್ಲ, ಗುಂಪು ಮಾಡುವಾಗ ಇದು ನೆನಪಿರಲಿ. ಡೆಸಿಬಲ್ ಆ್ಯಪ್‌ಗಳ ಅಂಕಿಯನ್ನು ನಿಜವೆಂದು ಬರೆಸಬೇಡಿ, ಒಂದೇ ಫೋನಿನಲ್ಲಿ ಇಲ್ಲಿಗೂ ಅಲ್ಲಿಗೂ ಎಷ್ಟು ವ್ಯತ್ಯಾಸ ಎನ್ನಲು ಮಾತ್ರ ಅವು ಸರಿ. ಕಬ್ಬಿಣದ ಕಾಲಿರುವ ಬೆಂಚಿನ ಮೇಲೆ ದಿಕ್ಸೂಚಿ ಸುಳ್ಳು ಹೇಳುತ್ತದೆ.

ಭಾಷೆಯ ತರಗತಿಯಲ್ಲಿ ಮೈಕು

ಧ್ವನಿ ಮುದ್ರಿಸುವ ಆ್ಯಪ್ ಬಹುತೇಕ ಎಲ್ಲ ಫೋನಿನಲ್ಲೂ ಇದೆ, ನೆಟ್ ಬೇಡ. ಸೆಕೆಂಡಿಗೆ 128 ಕಿಲೊಬಿಟ್‌ನಲ್ಲಿ ಮುದ್ರಿಸಿದರೂ ನಿಮಿಷಕ್ಕೆ 1 ಎಂಬಿ ದಾಟುವುದಿಲ್ಲ. ಪ್ರತಿ ಮಗುವೂ ಒಂದು ಪ್ಯಾರಾವನ್ನು ಒಂದು ನಿಮಿಷ ಓದಿ ಮುದ್ರಿಸಲಿ, ಫೋನ್ ಬಾಯಿಂದ ಒಂದು ಗೇಣು ದೂರವಿರಲಿ. ಹತ್ತಿರ ಹಿಡಿದರೆ ಪ, ಬ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ, ದೂರ ಹಿಡಿದರೆ ಪಕ್ಕದವರ ಓದು ಸೇರುತ್ತದೆ. ಬಳಿಕ ಪುಸ್ತಕ ಮುಂದಿಟ್ಟುಕೊಂಡು ತನ್ನದೇ ದನಿ ಕೇಳುತ್ತಾ, ತಡವರಿಸಿದಲ್ಲಿ ಪೆನ್ಸಿಲ್ ಗೆರೆ, ಅಕ್ಷರ ತಪ್ಪಿದಲ್ಲಿ ಸುತ್ತು ಹಾಕಲಿ. ಹಕಾರ ಬಿಟ್ಟು "ಹಾಲು" ಎನ್ನುವುದನ್ನು "ಆಲು" ಎಂದದ್ದು, ಶ-ಷ-ಸ ಒಂದೇ ಆದದ್ದು, ಮಹಾಪ್ರಾಣ ನುಂಗಿದ್ದು ಶಿಕ್ಷಕರು ಹತ್ತು ಸಲ ತಿದ್ದಿದರೂ ಕಿವಿಗೆ ಬೀಳುವುದಿಲ್ಲ. ತನ್ನ ದನಿಯಲ್ಲಿ ಕೇಳಿದರೆ ಬೀಳುತ್ತದೆ. ಅದೇ ಪ್ಯಾರಾ ಮತ್ತೊಮ್ಮೆ ಓದಿ ಗೆರೆಗಳನ್ನು ಎಣಿಸಲಿ.

ದನಿಯಿಂದ ಟೈಪ್ ಮಾಡುವ ಸೌಲಭ್ಯವನ್ನೂ ಬಳಸಿ, ಆದರೆ ತಲೆಕೆಳಗಾಗಿ. ಮಗು ಹೇಳಿದ್ದನ್ನು ಫೋನ್ ಬರೆಯಲಿ, ಫೋನ್ ಮಾಡಿದ ಕಾಗುಣಿತ, ಒತ್ತಕ್ಷರ, ವಿರಾಮಚಿಹ್ನೆಯ ತಪ್ಪುಗಳನ್ನು ಮಗು ತಿದ್ದಲಿ. ಯಂತ್ರವನ್ನು ತಿದ್ದುವುದರಲ್ಲಿ ಮಕ್ಕಳಿಗಿರುವ ಹುರುಪೇ ಬೇರೆ.

ಪ್ರಶ್ನೆ ಕೇಳುವಾಗ

ಆನ್‌ಲೈನ್ ಫಾರ್ಮ್‌ನಲ್ಲಿ ನಾಲ್ಕು ಆಯ್ಕೆಯ ಪ್ರಶ್ನೆ ಕೊಟ್ಟು ಮತ ಹಾಕಿಸುವುದು ಸುಲಭ. ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಆಟಗಳನ್ನು ಪಾಠದ ನಡುವೆ ತರಬೇಡಿ, ನಿಧಾನವಾಗಿ ಓದುವ ಮಗು ಎರಡನೇ ಪ್ರಶ್ನೆಗೇ ಕೈಬಿಡುತ್ತದೆ. ಹಾರ್ವರ್ಡಿನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಮೊದಲ ಮತದಲ್ಲಿ ಸರಿ ಉತ್ತರ ಶೇ 30ಕ್ಕಿಂತ ಕಡಿಮೆ ಬಂದರೆ ಮತ್ತೆ ಪಾಠ ಮಾಡಿ, ಶೇ 70 ದಾಟಿದರೆ ಮುಂದೆ ಹೋಗಿ, ನಡುವೆ ಇದ್ದರೆ ಉತ್ತರ ಹೇಳದೆ ಫೋನ್ ಮಗುಚಿಸಿ, ಪಕ್ಕದವರನ್ನು ಒಪ್ಪಿಸಲು ಎರಡು ನಿಮಿಷ ಕೊಟ್ಟು ಮತ್ತೆ ಮತ ಹಾಕಿಸಿ. ಮೊದಲ ಮತದ ಗ್ರಾಫನ್ನು ತೋರಿಸಿದಿರೋ ಕೆಟ್ಟಿತು, ಎತ್ತರದ ಕಂಬ ಯಾವುದೋ ಎಲ್ಲರೂ ಅತ್ತ ವಾಲುತ್ತಾರೆ.

ಫೋನುಗಳೇ ಸಾಲದಿದ್ದರೆ ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಮಕ್ಕಳ ಕೈಗೆ ಬರೀ ಕಾಗದದ ಕಾರ್ಡು, ತಿರುಗಿಸಿ ಹಿಡಿದ ಬದಿಯೇ ಉತ್ತರ. ನಿಮ್ಮೊಬ್ಬರ ಫೋನಿನ ಕ್ಯಾಮೆರಾ ಸಾಲಿನುದ್ದಕ್ಕೂ ಓದುತ್ತದೆ. ಹೊಳಪಿನ ಪ್ಲಾಸ್ಟಿಕ್ ಹೊದಿಸಿದ ಕಾರ್ಡು ಬೆಳಕಿಗೆ ಮಿನುಗಿ ಓದದೆ ಹೋಗುತ್ತದೆ, ಮಂಕು ದಪ್ಪ ಕಾಗದದಲ್ಲೇ ಮುದ್ರಿಸಿ. ಬೆರಳು ಕಪ್ಪು ಭಾಗದ ಮೇಲೆ ಬರಬಾರದು.

ಚಿತ್ರ ತೆಗೆದರೆ

ಮುಖ ಬೇಡ, ಇದೊಂದು ನಿಯಮ ಸಡಿಲವಾಗಬಾರದು. ಕೈ, ಉಪಕರಣ, ಎಲೆ, ನೋಟ್‌ಬುಕ್ ಸಾಕು. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ಗುರುತಿಸುವುದನ್ನು ಆಫ್ ಮಾಡಿಸಿ, ಇಲ್ಲದಿದ್ದರೆ ಚಿತ್ರದ ಫೈಲಿನೊಳಗೆ ಜಾಗದ ಅಕ್ಷಾಂಶ ರೇಖಾಂಶ ಸೇರಿಕೊಂಡಿರುತ್ತದೆ. ಬಹಳಷ್ಟು ಸೇವೆಗಳು 13 ವರ್ಷದೊಳಗಿನವರಿಗೆ ಖಾತೆ ಕೊಡುವುದಿಲ್ಲ; ಸಣ್ಣ ತರಗತಿಗಳಲ್ಲಿ ಲಾಗಿನ್ ಕೇಳದ ಆ್ಯಪ್ ಆರಿಸಿ. ಗಿಡ, ಹುಳುಗಳನ್ನು ಗುರುತಿಸಲು ಐನ್ಯಾಚುರಲಿಸ್ಟ್‌ನವರ ಸೀಕ್ ಎಂಬ ಆ್ಯಪ್ ಖಾತೆಯಿಲ್ಲದೆ ನಡೆಯುತ್ತದೆ. ಅದು ಹೆಸರು ಹೇಳಿದ ಮೇಲೆ ಎಲೆಯ ಅಂಚು, ನರ, ಜೋಡಣೆ ನೋಡಿ ಹೌದೋ ಅಲ್ಲವೋ ಎಂದು ಮೂರು ಕಾರಣ ಬರೆಸಿ, ಆ್ಯಪ್ ಕೆಲವೊಮ್ಮೆ ಜಾತಿಯವರೆಗೆ ಹೋಗದೆ ಕುಟುಂಬದಲ್ಲೇ ನಿಲ್ಲುತ್ತದೆ.

ಫೈಲುಗಳಿಗೆ "7ಎ-ಗುಂಪು4-ಸುತ್ತು2" ಎಂಬಂತೆ ಹೆಸರಿಡಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ತರಿಸಿಕೊಳ್ಳಬೇಡಿ: ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ, ಚಿತ್ರವೂ ಕುಗ್ಗಿ ಬರುತ್ತದೆ. ನಿಮ್ಮ ಫೋನಿಗೆ ಕ್ವಿಕ್ ಶೇರ್ (ಆಂಡ್ರಾಯ್ಡ್) ಅಥವಾ ಏರ್‌ಡ್ರಾಪಿನಲ್ಲಿ (ಐಫೋನ್) ಗುಂಪಿಗೊಂದರಂತೆ ತೆಗೆದುಕೊಳ್ಳಿ. ಪಿರಿಯಡಿನ ಕೊನೆಯ ಎರಡು ನಿಮಿಷ ಅಳಿಸುವುದಕ್ಕೆ ಮೀಸಲು, ಅದೂ ಎರಡು ಕಡೆ. ಗ್ಯಾಲರಿಯಲ್ಲಿ ಅಳಿಸಿದ್ದು ಕಸದ ಫೋಲ್ಡರಿನಲ್ಲಿ ತಿಂಗಳಷ್ಟು ಕಾಲ ಉಳಿದಿರುತ್ತದೆ, ಅಲ್ಲಿಂದಲೂ ತೆಗೆಸಿ. ಆಮೇಲೆ ಪಿನ್ ಬಿಡಿಸಿ, ಏರೋಪ್ಲೇನ್ ಮೋಡ್ ತೆಗೆದು, ಫೋನ್ ಚೀಲಕ್ಕೆ. ಏರೋಪ್ಲೇನ್ ಮೋಡ್ ತೆಗೆಯುವುದನ್ನು ಮರೆತ ಮಗುವಿನ ಮನೆಯವರು ಸಂಜೆ ಕರೆ ಹೋಗದೆ ಗಾಬರಿಯಾಗುತ್ತಾರೆ, ಆದ್ದರಿಂದ ಬಾಗಿಲು ದಾಟುವ ಮುಂಚೆ ಒಮ್ಮೆ ಜೋರಾಗಿ ನೆನಪಿಸಿ.